ಮೂರು ಪೌಂಡ್ ಪರವಾಗಿಲ್ಲ

ರಾಕೆಟ್ಟಿಗೆ ತಂತಿ ಕಟ್ಟುವುದೂ ಒಂದು ಉದ್ಯೋಗ ಎಂಬುದನ್ನು ನಮ್ಮ ತಾಯಿ ಕಡೆಯವರೆಗೂ ಒಪ್ಪಲಿಲ್ಲ. ಮೈಸೂರಿನಲ್ಲಿ ಯಾರಾದರೂ "ಮಗ ಜಪಾನಿನಲ್ಲಿ ಏನ್ ಕೆಲಸದಲ್ಲಿದಾನೆ?" ಎಂದು ಕೇಳಿದರೆ "ತಂತಿ ಇಲಾಖೆ" ಎಂದು ಹೇಳಿ ಮಾತು ಮುಗಿಸುತ್ತಿದ್ದರು. ಕೇಳಿದವರು ಅಂಚೆ-ತಂತಿ ಎಂದುಕೊಂಡು ಗೌರವದಿಂದ ತಲೆಯಾಡಿಸುತ್ತಿದ್ದರು. ನಮ್ಮ ದೇಶದಲ್ಲಿ ತಂತಿ ಸೇವೆಯೇ ನಿಂತುಹೋದ ಮೇಲೂ ನಾನು ಆ ಇಲಾಖೆಯಲ್ಲಿ ಅಬಾಧಿತವಾಗಿ ಮುಂದುವರಿದೆ. ಈಗ ನಿವೃತ್ತನಾಗಿದ್ದೇನೆ.

ಇದನ್ನು ಬರೆಯಲು ಕಾರಣ ಶ್ರುತಿ ಎಂಬ ಹುಡುಗಿ. ಬೆಂಗಳೂರಿನ ಕಂಪನಿ ಅವಳನ್ನು ಯೋಕೋಹಾಮಾಕ್ಕೆ ಕಳಿಸಿದೆ. ಶನಿವಾರಗಳಂದು ನಮ್ಮ ಕನ್ನಡದವರ ಗುಂಪಿನಲ್ಲಿ ಬ್ಯಾಡ್ಮಿಂಟನ್ ಆಡುತ್ತಾಳೆ. ಈಚೆಗೆ ತಂತಿ ಕಟ್ಟುವ ಯಂತ್ರವನ್ನೇ ಕೊಂಡುಬಿಟ್ಟಿದ್ದಾಳೆ, ಸಾಫ್ಟ್‌ವೇರ್ ಬಿಟ್ಟು ಇದನ್ನೇ ಹಿಡಿಯುತ್ತಾಳಂತೆ. ತಂತಿಯ ಕೆಲಸಕ್ಕೆ ಇದಕ್ಕಿಂತ ಯೋಗ್ಯ ಹೆಸರಿನವರು ಸಿಗುವುದು ಕಷ್ಟವಾದ್ದರಿಂದ ನಾನು ತಡೆಯಲಿಲ್ಲ.

"ಅಂಕಲ್, ವಿಡಿಯೋ ನೋಡಿ ಬೇಸಿಕ್ಸ್ ಎಲ್ಲಾ ಕಲ್ತ್ಕೊಂಡಿದೀನಿ. ನೀವು ಜಸ್ಟ್ ಒಂದೆರಡು ಟಿಪ್ಸ್ ಕೊಟ್ಬಿಡಿ ಸಾಕು" ಅಂದಳು.

"ಕತ್ತರಿಸೋದು ಕಲ್ತ್ಯೇನಮ್ಮ?"

"ಕತ್ತರಿಸೋದ್ರಲ್ಲಿ ಕಲಿಯೋಕೇನಿದೆ ಅಂಕಲ್?"

ಇಲ್ಲಿಂದಲೇ ಶುರುಮಾಡುತ್ತೇನೆ.

ನಾನು ಆರು ತಿಂಗಳ ತರಬೇತಿಗೆಂದು ಜಪಾನಿಗೆ ಬಂದು ಮೂವತ್ತು ಚಿಲ್ಲರೆ ವರ್ಷ ಉಳಿದವನು. ನನ್ನ ಮೇಲಧಿಕಾರಿ ಓನೊದೆರಾ ಸಾನ್. ದೊಡ್ಡ ಪಂದ್ಯಾವಳಿಗಳಲ್ಲಿ ತಂತಿ ಕೋಣೆಯ ಮುಖ್ಯಸ್ಥರು; ನಗುವುದನ್ನು ವರ್ಷಕ್ಕೊಮ್ಮೆ ಹೊಸವರ್ಷದ ದಿನ ಮುಗಿಸಿಕೊಳ್ಳುತ್ತಿದ್ದರು. ಮೊದಲ ನಾಲ್ಕು ತಿಂಗಳು ನನ್ನ ಕೈಗೆ ಕತ್ತರಿ ಮಾತ್ರ ಕೊಟ್ಟರು. ಹಳೆಯ ತಂತಿಯನ್ನು ನಡುವಿನಿಂದ ಶುರುಮಾಡಿ, ಒಂದು ಉದ್ದದ್ದು, ಒಂದು ಅಡ್ಡದ್ದು ಎಂದು ಹೊರಕ್ಕೆ ಕತ್ತರಿಸುತ್ತ ಬರಬೇಕು. ಒಂದು ಪಕ್ಕದಿಂದ ಕತ್ತರಿಸಿದರೆ ಬಿಗಿ ಅಸಮವಾಗಿ ಚೌಕಟ್ಟು ಸೊಟ್ಟಗಾಗುತ್ತದೆ. ಬಹುದಿನ ಆಡದೆ ಇಡುವ ರಾಕೆಟ್ಟಿನ ತಂತಿಯನ್ನಂತೂ ಕತ್ತರಿಸಿಯೇ ಇಡಬೇಕು, ಇಲ್ಲವಾದರೆ ಬಿಗಿಯೇ ಅದನ್ನು ನಿಧಾನವಾಗಿ ಬಗ್ಗಿಸುತ್ತದೆ. "ಬಿಡಿಸಲು ಬಾರದವನು ಬಿಗಿಯಬಾರದು" ಎನ್ನುವುದು ಅವರ ಮೊದಲ ಸೂತ್ರ.

ಎರಡನೆಯ ಸೂತ್ರ ಫುಕುಶೋ. ಹೇಳಿಸಿಕೊಂಡವನು ಹೇಳಿಸಿಕೊಂಡದ್ದನ್ನು ಗಟ್ಟಿಯಾಗಿ ಮರಳಿ ಹೇಳುವುದು. ಇಲ್ಲಿನ ರೈಲು ಚಾಲಕರು, ಅಡಿಗೆಯವರು, ದಾದಿಯರು ಎಲ್ಲರೂ ಇದನ್ನು ಮಾಡುತ್ತಾರೆ. ತಂತಿಯ ಬಿಗಿಯನ್ನು ಪೌಂಡಿನಲ್ಲಿ ಅಳೆಯುತ್ತಾರೆ; ಆಟಗಾರ "ಇಪ್ಪತ್ತೆಂಟು ಪೌಂಡ್" ಎಂದರೆ ನಾವು ಅವನ ಮುಖ ನೋಡಿ "ಇಪ್ಪತ್ತೆಂಟು ಪೌಂಡ್" ಎನ್ನಬೇಕು. ಮೈಸೂರಿನವನಾದ ನನಗೆ ಇದು ಮಗ್ಗಿ ಒಪ್ಪಿಸಿದಂತೆ ಅವಮಾನಕರವಾಗಿ ಕಂಡಿತ್ತು. ಒಮ್ಮೆ ಕೇಳಿದರೆ ಅರ್ಥವಾಗುವುದಿಲ್ಲವೇ? ಅರ್ಥವಾಗುವುದಿಲ್ಲ ಎಂಬುದನ್ನು ನನಗೆ ತೋರಿಸಿಕೊಟ್ಟವನು ಪ್ರೇಬೆನ್.

ಪ್ರೇಬೆನ್ ಡೆನ್ಮಾರ್ಕಿನವನು, ಡಬಲ್ಸ್ ಆಟಗಾರ. ಮೊದಲ ಸಲ ನಮ್ಮ ಕೋಣೆಗೆ ಬಂದಾಗ ಇಪ್ಪತ್ತರ ಆಸುಪಾಸಿನ ಉದ್ದ ಕತ್ತಿನ ಹುಡುಗ. ಆರು ರಾಕೆಟ್ಟುಗಳನ್ನು ಮೇಜಿನ ಮೇಲೆ ಸುರಿದು ಇಂಗ್ಲಿಷಿನಲ್ಲಿ "ಸೆವೆನ್ ಅಂಡ್ ಟ್ವೆಂಟಿ" ಎಂದು ಓಡಿಹೋದ. ಡೇನಿಷ್ ಭಾಷೆಯಲ್ಲಿ ಬಿಡಿಯನ್ನು ಮೊದಲು ಹೇಳಿ ದಶಕವನ್ನು ಆಮೇಲೆ ಹೇಳುತ್ತಾರೆ. ಅವನು ಹೇಳಿದ್ದು ಇಪ್ಪತ್ತೇಳು. ಓನೊದೆರಾ ಸಾನ್ ಆಚೆ ಇದ್ದರು. ಹತ್ತು-ಹನ್ನೆರಡು ವರ್ಷದ ಅನುಭವದ ಹೆಮ್ಮೆಯಲ್ಲಿ ನಾನು ಮರಳಿ ಹೇಳಲಿಲ್ಲ. ಏಳು ರಾಕೆಟ್ಟು, ಇಪ್ಪತ್ತು ಪೌಂಡ್ ಎಂದು ಬರೆದುಕೊಂಡೆ. ಆರನ್ನೂ ಇಪ್ಪತ್ತಕ್ಕೆ ಕಟ್ಟಿ, ಏಳನೆಯದಕ್ಕಾಗಿ ಕೋಣೆಯನ್ನೆಲ್ಲ ಹುಡುಕಿದೆ. ಮೇಜಿನ ಕೆಳಗೆ ಮಂಡಿಯೂರಿದ್ದಾಗ ಅವನು ಹಿಂದಿರುಗಿ ಬಂದ.

"ಏನು ಹುಡುಕುತ್ತಿದ್ದೀಯ?"

"ನಿನ್ನ ಏಳನೆಯ ರಾಕೆಟ್ಟು."

ಅವನು ಒಂದನ್ನು ಎತ್ತಿ ಅಂಗೈಗೆ ಬಡಿದ. ಅಂತರರಾಷ್ಟ್ರೀಯ ಆಟಗಾರನ ಕೈಯಲ್ಲಿ ಇಪ್ಪತ್ತು ಪೌಂಡಿನ ರಾಕೆಟ್ಟೆಂದರೆ ಸಿಗಡಿ ಹಿಡಿಯುವ ಬಲೆ. ಅಷ್ಟರಲ್ಲಿ ಓನೊದೆರಾ ಸಾನ್ ಬಂದರು, ವಿಷಯ ತಿಳಿಯಿತು. ಸೊಂಟದಿಂದ ಬಾಗಿ ನಿಂತರು. ನಾನೂ ಪಕ್ಕದಲ್ಲಿ ಬಾಗಿದೆ. ಅವರು ಏಳುವ ಲಕ್ಷಣ ಕಾಣಲಿಲ್ಲವಾದ್ದರಿಂದ ನಾನೂ ಏಳಲಿಲ್ಲ. ಪ್ರೇಬೆನ್ ಗಾಬರಿಯಾಗಿ, ನಮ್ಮ ಮುಖ ಕಾಣಲೆಂದು ತಾನೂ ಬಗ್ಗಿ, "ಇವರನ್ನು ನೇರ ನಿಲ್ಲಿಸಲು ಏನು ಹೇಳಬೇಕು?" ಎಂದು ನನ್ನನ್ನು ಕೇಳಿದ.

"ಜಪಾನಿಯಲ್ಲಿ ದೈಜೋಬು ಅನ್ನು."

"ನಿನ್ನ ಭಾಷೆಯಲ್ಲಿ?"

"ಪರವಾಗಿಲ್ಲ."

"ಪರ್ವಾಗಿಲ್ಲ" ಎಂದ. ನಾವಿಬ್ಬರೂ ನೆಟ್ಟಗಾದೆವು.

ಆಮೇಲೆ ಸುಮಾರು ಹದಿನೆಂಟು ವರ್ಷ, ಪ್ರತಿ ಶರತ್ಕಾಲ ಅವನು ಬಂದಾಗಲೂ ನಮ್ಮಿಬ್ಬರ ನಡುವೆ ಆ ಪದ ಓಡಾಡಿತು. ಆದರೆ ಅದರ ಪೂರ್ತಿ ಜಾತಕವನ್ನು ನಾನು ಅವನಿಗೆ ಹೇಳಿಕೊಟ್ಟಿರಲಿಲ್ಲ. ಹೇಗಿದ್ದೀರಿ ಎಂದಾಗ ಪರವಾಗಿಲ್ಲ ಎಂದರೆ ಚೆನ್ನಾಗಿದ್ದೇನೆ ಎಂದು. ಊಟ ಹೇಗಿತ್ತು ಎಂದಾಗ ಪರವಾಗಿಲ್ಲ ಎಂದರೆ ಅಷ್ಟೇನೂ ಚೆನ್ನಾಗಿರಲಿಲ್ಲ ಎಂದು. ಕಾಲು ತುಳಿದವರಿಗೆ ಹೇಳಿದರೆ ಕ್ಷಮೆ. ಇನ್ನೊಂದು ದೋಸೆ ಹಾಕಲೇ ಎಂದಾಗ ಹೇಳಿದರೆ ಬೇಡ. ಪ್ರೇಬೆನ್ ಕಲಿತದ್ದು ಒಂದೇ ಅರ್ಥ: ಆಗಬಹುದು, ನಡೆಸು. ಕಾಫಿ ಮಾಡಲೇ ಎಂದರೆ "ಪರ್ವಾಗಿಲ್ಲ" ಎನ್ನುತ್ತಿದ್ದ. ಮಾಡದೆ ಕುಳಿತರೆ ಲೋಟಕ್ಕಾಗಿ ಕಾಯುತ್ತಿದ್ದ. ಕ್ರಮೇಣ ನಾನೇ ಅವನ ಕನ್ನಡಕ್ಕೆ ಹೊಂದಿಕೊಂಡೆ.

ಅವನು ಚಾಂಪಿಯನ್ ಆದ. ಎಲ್ಲೆಲ್ಲಿ ಏನೇನು ಗೆದ್ದ ಎಂಬುದನ್ನು ಬರೆಯಲು ಬೇರೆಯವರಿದ್ದಾರೆ. ನಾನು ಅವನ ಒಂದು ಪಂದ್ಯವನ್ನೂ ನೋಡಿರಲಿಲ್ಲ. ಪಂದ್ಯ ನಡೆಯುವಾಗ ತಂತಿಯವನು ನೆಲಮಾಳಿಗೆಯ ಕೋಣೆಯಲ್ಲಿರಬೇಕು. ಮೇಲೆ ತಂತಿ ಹರಿದರೆ ಕೆಳಗೆ ಕೈ ಸಿದ್ಧವಿರಬೇಕು. ನನಗೆ ಗೊತ್ತಿದ್ದ ಪ್ರೇಬೆನ್ ಎಂದರೆ ಹರಿದ ತಂತಿ. ಮೊದಲ ವರ್ಷಗಳಲ್ಲಿ ಅವನ ತಂತಿ ಚೌಕಟ್ಟಿನ ಮೇಲ್ಭಾಗದಲ್ಲಿ ಹರಿಯುತ್ತಿತ್ತು. ಹಿಂದೆ ನಿಂತು ನೆಗೆದು ಹೊಡೆಯುವವನ ಗುರುತು ಅದು. ಬಿಗಿ ಇಪ್ಪತ್ತೇಳರಿಂದ ಮೂವತ್ತಕ್ಕೆ ಏರಿತು. ಅವನ ಹಳೆಯ ಜೊತೆಗಾರ ನಿವೃತ್ತನಾಗಿ, ಹನ್ನೆರಡು ವರ್ಷ ಚಿಕ್ಕವನಾದ ಉಫೆ ಎಂಬವನು ಜೊತೆಯಾದ. ಉಫೆ ಹಿಂದೆ ನಿಂತ, ಪ್ರೇಬೆನ್ ಬಲೆಯ ಹತ್ತಿರ ಮುಂದಕ್ಕೆ ಬಂದ. ಡಬಲ್ಸ್‌ನಲ್ಲಿ ಇದಕ್ಕೆ ಅನುಭವ ಎನ್ನುತ್ತಾರೆ. ಬಿಗಿ ಇಪ್ಪತ್ತೆಂಟಕ್ಕೆ ಇಳಿಯಿತು. ಆಮೇಲೆ ತಂತಿ ಹರಿಯುವುದೇ ಅಪರೂಪವಾಯಿತು.

ಆಟಗಾರನಿಗೆ ವಯಸ್ಸಾದದ್ದು ಮೊದಲು ತಂತಿಯವನಿಗೆ ತಿಳಿಯುತ್ತದೆ, ಆಮೇಲೆ ಅವನ ಹೆಂಡತಿಗೆ, ಆಮೇಲೆ ಕೋಚಿಗೆ, ಕಟ್ಟಕಡೆಗೆ ಪತ್ರಿಕೆಗಳಿಗೆ. ಒಮ್ಮೆ ಡೆನ್ಮಾರ್ಕ್ ತಂಡದ ಕೋಚ್ ಬಂದು ಬಾಗಿಲಿಗೊರಗಿ, "ಪ್ರೇಬೆನ್ ಈಗ ಎಷ್ಟಕ್ಕೆ ಕಟ್ಟಿಸ್ತಾನೆ?" ಎಂದು ಹಗುರವಾಗಿ ಕೇಳಿದ. ಓನೊದೆರಾ ಸಾನ್ ತಲೆಯೆತ್ತದೆ, "ಅದು ಅವರನ್ನೇ ಕೇಳಬೇಕಾದ ಪ್ರಶ್ನೆ" ಎಂದರು. ತಂತಿಯವನ ಬಾಯಿಗೂ ಒಂದು ಬಿಗಿ ಇರಬೇಕು, ಶ್ರುತಿ. ಇದನ್ನು ಯಾವ ವಿಡಿಯೋದಲ್ಲೂ ತೋರಿಸುವುದಿಲ್ಲ.

ಅವನು ಗೆಲ್ಲದೆ ಉಳಿದದ್ದು ಒಂದೇ, ಜಪಾನಿನ ಪಂದ್ಯಾವಳಿ. ಮೂರು ಸಲ ಫೈನಲ್‌ಗೆ ಬಂದು ಮೂರು ಸಲವೂ ಸೋತ. "ಈ ನೆಲದಲ್ಲಿ ನಿನ್ನ ಇಪ್ಪತ್ತು ಪೌಂಡಿನ ಶಾಪವಿದೆ" ಎಂದು ನನ್ನನ್ನು ಚುಚ್ಚುತ್ತಿದ್ದ. "ಮುಂದಿನ ವರ್ಷ ಏಳನೆಯ ರಾಕೆಟ್ಟು ತಾ, ಶಾಪ ಕಳೆಯುತ್ತೆ" ಎಂದು ನಾನೂ ಹೇಳುತ್ತಿದ್ದೆ.

ಮುಂದಿನ ವರ್ಷ ಕೋವಿಡ್ ಬಂತು.

ಪಂದ್ಯಾವಳಿಗಳು ರದ್ದಾದವು. ಯಂತ್ರದ ಮೇಲೆ ಬಟ್ಟೆ ಹೊದಿಸಿ ಮನೆಯಲ್ಲಿ ಕುಳಿತೆ. ಸೆಂಡಾಯ್‌ನಲ್ಲಿ ಸಂಶೋಧನೆ ಮಾಡುತ್ತಿದ್ದ ನನ್ನ ಮಗಳು ಅನು ಪ್ರಯೋಗಾಲಯ ಮುಚ್ಚಿದ್ದರಿಂದ ಮನೆಗೆ ಬಂದಳು. ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲೋ ಜಪಾನಿಯಲ್ಲೋ ಬರುತ್ತದೆ. ಭಾನುವಾರಗಳಂದು ಪ್ರೇಬೆನ್ ವಿಡಿಯೋ ಕರೆ ಮಾಡುತ್ತಿದ್ದ. ನಾನು ಕಾಫಿಗೆಂದು ಅಡಿಗೆಮನೆಗೆ ಹೋದಾಗ ಅವಳೂ ಅವನೂ ಹರಟುತ್ತಿದ್ದರು. ವಸಂತದಲ್ಲಿ ಅವನಿಗೇ ರೋಗ ತಗಲಿತು. ಆರು ವಾರದ ಮೇಲೆ ಪರದೆಯಲ್ಲಿ ಕಂಡಾಗ ಒಂದು ವಾಕ್ಯವನ್ನು ಎರಡು ಉಸಿರಿಗೆ ಹಂಚಿಕೊಂಡು ಹೇಳುತ್ತಿದ್ದ.

ಆ ಚಳಿಗಾಲ ಓನೊದೆರಾ ಸಾನ್ ಹೋದರು. ಆಸ್ಪತ್ರೆಗೆ ಬಿಡಲಿಲ್ಲ, ಅಂತ್ಯಕ್ರಿಯೆಗೂ ಬಿಡಲಿಲ್ಲ. ಮೂವತ್ತು ವರ್ಷ ಯಾರ ಪಕ್ಕದಲ್ಲಿ ನಿಂತು ಬಾಗಿದೆನೋ ಅವರಿಗೆ ಯೋಕೋಹಾಮಾದ ನನ್ನ ಮನೆಯ ಗೋಡೆಯತ್ತ ತಿರುಗಿ ಬಾಗಿದೆ. ಯಾವಾಗ ಏಳಬೇಕೆಂದು ತಿಳಿಯಲಿಲ್ಲ, ಪಕ್ಕದಲ್ಲಿ ನೋಡಿಕೊಳ್ಳಲು ಅವರಿರಲಿಲ್ಲ.

ಕೊನೆಗೂ ಒಸಾಕಾದಲ್ಲಿ ಪಂದ್ಯಾವಳಿ ಮಾಡುತ್ತೇವೆಂದರು. ಪ್ರೇಕ್ಷಕರಿಗೆ ಪ್ರವೇಶವಿಲ್ಲ. ನನಗೆ ನಿವೃತ್ತಿಗೆ ಮುಂಚಿನ ಕೊನೆಯ ಕೆಲಸ. ಪ್ರೇಬೆನ್‌ಗೂ ಕೊನೆಯದು, ಅದನ್ನವನು ಉಫೆಗೂ ನನಗೂ ಮಾತ್ರ ಹೇಳಿದ್ದ. ತಂತಿ ಕೋಣೆಯ ಹೊಸ ಮುಖ್ಯಸ್ಥ ಕಿತಾಮುರಾ ಸಾನ್ ಒಳ್ಳೆಯ ಯುವಕ, ಅಚ್ಚುಕಟ್ಟಿನವನು. ಕಿಟಕಿಗೆ ಅಕ್ರಿಲಿಕ್ ಹಲಗೆ ಹಾಕಿಸಿದ್ದ. ರಾಕೆಟ್ಟುಗಳು ತಟ್ಟೆಯಲ್ಲಿ ಬಂದು ತಟ್ಟೆಯಲ್ಲೇ ಹೋಗಬೇಕು. ಬಿಗಿಯನ್ನು ಆಟಗಾರರು ಫೋನಿನಲ್ಲೇ ತುಂಬಬೇಕು. "ಹಿಂದಿನಂತೆಯೇ" ಎಂಬ ಚೌಕಕ್ಕೆ ಒಂದು ಗುರುತು ಹಾಕಿದರಾಯಿತು. ಗೋಡೆಯ ಮೇಲೆ ಫಲಕ: ಸಂಭಾಷಣೆ ಬೇಡ.

"ಹಾಗಾದರೆ ಫುಕುಶೋ?" ಎಂದು ಕೇಳಿದೆ.

"ಅದರಿಂದ ಹನಿ ಹಾರುತ್ತದೆ" ಎಂದ ಕಿತಾಮುರಾ ಸಾನ್, ಬಹಳ ವಿನಯದಿಂದ. "ಬರಹದಲ್ಲಿದೆಯಲ್ಲ, ಸಾಕು. ಸುಮಿಮಾಸೆನ್, ಕ್ಷಮಿಸಿ."

ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತು. ವಯಸ್ಸಾದ ಮೇಲೆ ಮಗ್ಗಿ ಒಪ್ಪಿಸುವುದು ತಪ್ಪಿದ ಸುಖ.

ಪ್ರೇಬೆನ್ ಮತ್ತು ಉಫೆ ಫೈನಲ್ ತಲುಪಿದರು. ಸೆಮಿಫೈನಲ್‌ನಲ್ಲಿ ಇಬ್ಬರೂ ಒಂದೇ ಶಟಲ್‌ಗೆ ಕೈಹಾಕಿ ಪ್ರೇಬೆನ್ ತಂದಿದ್ದ ನಾಲ್ಕು ರಾಕೆಟ್ಟುಗಳಲ್ಲಿ ಒಂದರ ಚೌಕಟ್ಟೇ ಒಡೆದಿತ್ತು. ಮೂರು ಉಳಿದವು. ಮೂರಕ್ಕೂ ಹೊಸ ತಂತಿ ಕಟ್ಟಬೇಕೆಂದು ತಟ್ಟೆಯಲ್ಲಿಟ್ಟ. ಫೋನಿನ ನಮೂನೆಯಲ್ಲಿ "ಹಿಂದಿನಂತೆಯೇ" ಎಂದಿತ್ತು, ಅಂದರೆ ಇಪ್ಪತ್ತೆಂಟು. ಆದರೆ ನಾನು ನಮೂನೆಯನ್ನು ನೋಡಲಿಲ್ಲ, ಅವನನ್ನು ನೋಡಿದೆ. ಬಲಗೈಯವನು ಚೀಲವನ್ನು ಎಡ ಹೆಗಲಿಗೆ ಹಾಕಿಕೊಂಡಿದ್ದ. ರಾಕೆಟ್ಟು ಇಡುವಾಗ ಬಲ ಮೊಣಕೈಯನ್ನು ಎಡಗೈಯಿಂದ ಎತ್ತಿ ಇಟ್ಟ. ಮಾಸ್ಕ್ ಒಳಕ್ಕೆ ಹೊರಕ್ಕೆ ಆಡುತ್ತಿತ್ತು.

ಬಿಗಿ ಇಳಿಸಿದರೆ ತಂತಿ ಹೆಚ್ಚು ಚಿಮ್ಮುತ್ತದೆ, ಭುಜಕ್ಕೆ ಶ್ರಮ ಕಡಿಮೆ. ಆದರೆ ಶಟಲ್ ಅಂದಾಜಿಗಿಂತ ದೂರ ಹೋಗುತ್ತದೆ. ಇದು ನಮ್ಮಿಬ್ಬರಿಗೂ ಗೊತ್ತು.

ಫಲಕಕ್ಕೆ ಬೆನ್ನು ಮಾಡಿ ಮೆಲ್ಲಗೆ ಕೇಳಿದೆ. "ಮೂರು ಪೌಂಡ್ ಇಳಿಸಲೇ? ಯಾರಿಗೂ ಗೊತ್ತಾಗಲ್ಲ."

ಅವನು ನನ್ನನ್ನು ನೋಡಿದ. ಮಾಸ್ಕಿನ ಮೇಲೆ ಎರಡು ಕಣ್ಣು, ಅಷ್ಟೆ. "ಪರ್ವಾಗಿಲ್ಲ" ಎಂದು ಹೊರಟುಹೋದ.

ಹದಿನೆಂಟು ವರ್ಷ ಅವನ ಪರವಾಗಿಲ್ಲಕ್ಕೆ ಕಾಫಿ ಮಾಡಿಕೊಟ್ಟವನು ನಾನು. ಆಗಬಹುದು ಎಂದ ಎಂದುಕೊಂಡೆ. "ಇಪ್ಪತ್ತೈದು" ಎಂದು ಗಟ್ಟಿಯಾಗಿ ಮರಳಿ ಹೇಳಲು ಎರಡು ಸೆಕೆಂಡ್ ಸಾಕಿತ್ತು. ಹೇಳಲಿಲ್ಲ. ಫಲಕದ ಭಯವಿತ್ತು, ಅದಕ್ಕಿಂತ ಹೆಚ್ಚಾಗಿ, ಮುದಿ ಗೆಳೆಯನಿಗೆ ಗುಟ್ಟಾಗಿ ಉಪಕಾರ ಮಾಡುವ ಸಂತೋಷವಿತ್ತು. ಮೂರನ್ನೂ ಇಪ್ಪತ್ತೈದಕ್ಕೆ ಕಟ್ಟಿದೆ. ಬಹಳ ಅಂದವಾಗಿ ಕಟ್ಟಿದೆ.

ಫೈನಲ್ ದಿನ ಕಿತಾಮುರಾ ಸಾನ್, ಸಣ್ಣ ಕೋಣೆಯಲ್ಲಿ ಇಷ್ಟು ಜನ ಬೇಡ, ಇಬ್ಬರು ಮೇಲೆ ಹೋಗಿ ದೂರದೂರ ಕುಳಿತುಕೊಳ್ಳಿ ಎಂದ. ಹೀಗೆ, ಯಾರೂ ಇಲ್ಲದ ಆ ದೊಡ್ಡ ಸಭಾಂಗಣದ ಸಾವಿರಾರು ಖಾಲಿ ಕುರ್ಚಿಗಳ ನಡುವೆ ಒಂದರಲ್ಲಿ ಕುಳಿತು ನಾನು ಮೊದಲ ಬಾರಿಗೆ ಪ್ರೇಬೆನ್ನನ ಆಟ ನೋಡಿದೆ.

ನೋಡುವುದಕ್ಕಿಂತ ಮೊದಲು ಕೇಳಿಸಿತು. ಜನರಿದ್ದರೆ ಆ ಗದ್ದಲದಲ್ಲಿ ತಿಳಿಯುತ್ತಿರಲಿಲ್ಲ. ಉಫೆಯ ರಾಕೆಟ್ಟು ಟಣ್ ಎನ್ನುತ್ತಿತ್ತು, ಎದುರಾಳಿಗಳದ್ದೂ ಟಣ್. ಪ್ರೇಬೆನ್ನನದು ಡಬ್ ಎಂದಿತು. ಮೊದಲ ಹೊಡೆತಕ್ಕೇ ಅವನು ರಾಕೆಟ್ಟನ್ನು ತಿರುಗಿಸಿ ತಂತಿಯನ್ನು ನೋಡಿದ. ಎರಡನೆಯದನ್ನು ತೆಗೆದುಕೊಂಡ. ಡಬ್. ಮೂರನೆಯದನ್ನು ಅಂಗೈಗೆ ಬಡಿದು ನೋಡಿ, ಆಡದೆಯೇ ಚೀಲಕ್ಕೆ ಹಾಕಿದ. ಆ ಬಡಿತವೂ ನನಗೆ ಕೇಳಿಸಿತು. ಇಪ್ಪತ್ತು ವರ್ಷದ ಹುಡುಗನಾಗಿ ನನ್ನ ಮುಂದೆ ಹಾಗೆಯೇ ಬಡಿದಿದ್ದ.

ಅವನು ಆಗಬಹುದು ಎಂದಿರಲಿಲ್ಲ ಎಂಬುದು ನನಗೆ ಅಲ್ಲೇ ತಿಳಿಯಿತು. ಹೇಗೆ, ಏಕೆ ಎಂಬುದು ತಿಳಿಯಲಿಲ್ಲ. ಎದ್ದು ಹೋಗಿ ಇನ್ನೊಂದು ಕಟ್ಟಿ ತರಬಹುದೇ ಎಂದು ಲೆಕ್ಕ ಹಾಕಿದೆ. ರಾಕೆಟ್ಟು ಅಂಗಳದಲ್ಲಿ, ನಾನು ಮೇಲಿನ ಸಾಲಿನಲ್ಲಿ, ನಡುವೆ ದಾಟಬಾರದ ಹಗ್ಗ. ಕುಳಿತೇ ಇದ್ದೆ.

ಆದರೂ ಅವನು ಆಡಿದ. ಸಡಿಲ ತಂತಿಗೆ ತಕ್ಕಂತೆ ಕೈಯನ್ನು ಚಿಕ್ಕದು ಮಾಡಿಕೊಂಡು, ಬಲೆಯ ಬಳಿ ಶಟಲ್ ಅನ್ನು ಹಸುಗೂಸಿನಂತೆ ಇಳಿಸುತ್ತ, ಮೂರನೆಯ ಗೇಮಿನವರೆಗೂ ಎಳೆದ. ಹತ್ತೊಂಬತ್ತು-ಇಪ್ಪತ್ತು, ಇನ್ನೊಂದು ಅಂಕ ಹೋದರೆ ಸೋಲು. ಸರ್ವಿಸ್ ಪ್ರೇಬೆನ್ನನದು. ಎದುರಾಳಿ ಮುಂದಕ್ಕೆ ಬಾಗಿ ಕಾಯುತ್ತಿದ್ದ. ಪ್ರೇಬೆನ್ ಅವನ ತಲೆಯ ಮೇಲಿಂದ ಹಿಂದಕ್ಕೆ ಹಾರಿಸಿದ. ಅವನ ಹೆಸರಾಂತ ಹೊಡೆತ ಅದು, ಜೀವಮಾನವೆಲ್ಲ ಗೆದ್ದುಕೊಟ್ಟದ್ದು. ಎದುರಾಳಿ ತಿರುಗಿದ, ನೋಡಿದ, ಬಿಟ್ಟ. ಶಟಲ್ ಡಬಲ್ಸ್ ಸರ್ವಿಸ್ ಗೆರೆಯಿಂದ ನಾಲ್ಕು ಬೆರಳು ಆಚೆ ಬಿತ್ತು.

ಚಪ್ಪಾಳೆಗೆ ಜನವಿರಲಿಲ್ಲ. ಅಂಪೈರರ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು.

ಸಂಜೆ ಅವನು ಕಿಟಕಿಗೆ ಬಂದ. ನಾನು ಬಾಗಿ ನಿಂತೆ.

"ಇಪ್ಪತ್ತೈದು?" ಎಂದ.

"ಇಪ್ಪತ್ತೈದು."

"ನಾನು ಪರ್ವಾಗಿಲ್ಲ ಅಂದೆನಲ್ಲ!"

"ಅದಕ್ಕೇ ಇಳಿಸಿದೆ."

"ಪರ್ವಾಗಿಲ್ಲ ಅಂದರೆ ಬೇಡ ಅಂತ. ಅನು ಹೇಳಿಕೊಟ್ಟಳು. ನೀನು ಕಾಫಿ ಮಾಡಲು ಹೋಗಿದ್ದಾಗ." ಉಸಿರು ತೆಗೆದುಕೊಂಡ. "ಇಷ್ಟು ವರ್ಷ ತಪ್ಪಾಗಿ ಹೇಳ್ತಾ ಇದ್ದೆ, ಈ ಸಲ ಸರಿಯಾಗಿ ಹೇಳಿ ನಿನ್ನನ್ನು ಬೆರಗುಗೊಳಿಸೋಣ ಅಂತಿದ್ದೆ."

ಹದಿನೆಂಟು ವರ್ಷದಲ್ಲಿ ಒಂದೇ ಒಂದು ಸಲ ಅವನು ಕನ್ನಡಿಗನಂತೆ ಕನ್ನಡ ಮಾತನಾಡಿದ್ದ. ಅಂದು ಒಬ್ಬ ಕನ್ನಡಿಗನಿಗೆ ಅದು ಅರ್ಥವಾಗಲಿಲ್ಲ.

"ನೀನು ನನ್ನ ಭುಜ ನೋಡಿಬಿಟ್ಟೆ" ಎಂದ ಆಮೇಲೆ. "ಉಫೆ ನೋಡಿರಲಿಲ್ಲ. ನಾನೂ ನೋಡಬಾರದು ಅಂತಿದ್ದೆ. ಇವತ್ತೊಂದು ದಿನ."

ಅವನು ಒಂದು ರಾಕೆಟ್ಟನ್ನು ತಟ್ಟೆಯಲ್ಲಿಟ್ಟ.

"ಇಪ್ಪತ್ತೆಂಟು."

"ಇನ್ನು ಪಂದ್ಯವಿಲ್ಲವಲ್ಲ, ಪ್ರೇಬೆನ್."

"ಇಪ್ಪತ್ತೆಂಟು."

"ಇಪ್ಪತ್ತೆಂಟು!" ಎಂದೆ. ಮಾಸ್ಕಿನೊಳಗಿಂದ, ಓನೊದೆರಾ ಸಾನ್ ಇದ್ದಾಗಲೂ ಹೇಳದಷ್ಟು ಗಟ್ಟಿಯಾಗಿ. ಕಿತಾಮುರಾ ಸಾನ್ ತಲೆಯೆತ್ತಿ ನೋಡಿ, ಫಲಕವನ್ನು ನೋಡಿ, ಸುಮ್ಮನೆ ತಲೆತಗ್ಗಿಸಿದ. ಒಳ್ಳೆಯವನು ಎಂದೆನಲ್ಲ. ನಡುವಿನಿಂದ ಹೊರಕ್ಕೆ ಕತ್ತರಿಸಿ ಹೊಸದಾಗಿ ಕಟ್ಟಿಕೊಟ್ಟೆ. ನನ್ನ ಸೇವೆಯ ಕೊನೆಯ ರಾಕೆಟ್ಟು ಅದು.

ಅನುವಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಅಪ್ಪಾ, ಕೊಂಬಿನಿ ಅಂಗಡಿಯಲ್ಲಿ ಬ್ಯಾಗ್ ಬೇಕಾ ಅಂದ್ರೆ ನಾವು ದೈಜೋಬು ಅಂತೀವಲ್ಲ, ನೋ ಥ್ಯಾಂಕ್ಸ್ ಅಂತ. ಸೇಮ್ ಅಂದೆ. ದಟ್ಸ್ ಆಲ್ ಐ ಸೆಡ್" ಅಂದಳು. ಅವಳು ಒಂದೇ ಉಸಿರಿನಲ್ಲಿ ಅಷ್ಟು ಕನ್ನಡ ಮಾತನಾಡಿದ್ದು ನನಗೆ ನೆನಪಿಲ್ಲ.

ಹೋದ ತಿಂಗಳು ಪ್ರೇಬೆನ್ ಕರೆ ಮಾಡಿದ್ದ. ಈಗ ಯಾರಿಗೂ ಆಟ ಕಲಿಸುವುದಿಲ್ಲ. ಮಹಡಿ ಹತ್ತುವಾಗ ನಡುವೆ ನಿಲ್ಲಬೇಕಂತೆ. ಅವನ ಹಿಂದಿನ ಗೋಡೆಯ ಮೇಲೆ ಒಂದೇ ರಾಕೆಟ್ಟು ತೂಗುಹಾಕಿತ್ತು. ಗೆದ್ದ ಕಪ್‌ಗಳು ಬೇರೆ ಕೋಣೆಯಲ್ಲಿರಬೇಕು.

"ಅದು ನಾನು ಕಟ್ಟಿದ್ದಲ್ಲವೇ? ಆಡಿದೆಯಾ?"

"ಇಲ್ಲ."

"ಹಾಗಾದರೆ ತಂತಿ ಕತ್ತರಿಸಿಡು. ಇಲ್ಲದಿದ್ದರೆ ಚೌಕಟ್ಟು ಬಗ್ಗುತ್ತದೆ."

"ಪರ್ವಾಗಿಲ್ಲ."

"ಯಾವ ಪರವಾಗಿಲ್ಲ? ನಿನ್ನದೋ, ಅನುವಿನದೋ?"

"ಅನುವಿನದು."

"ಕತ್ತರಿಸುವುದು ಬೇಡ" ಎಂದು ಮರಳಿ ಹೇಳಿದೆ.

"ಹೌದು, ಬೇಡ."

ಶ್ರುತಿ, ನೀನು ಕೇಳಿದ ಟಿಪ್ಸ್ ಇದಕ್ಕಿಂತ ಹೆಚ್ಚೇನೂ ನನ್ನಲ್ಲಿಲ್ಲ. ಕತ್ತರಿಸುವುದು ಕಲಿ. ಹೇಳಿದ ಸಂಖ್ಯೆಯನ್ನು ಮರಳಿ ಹೇಳು. ಒಂದು ವಿಷಯ ಮಾತ್ರ ನಿನ್ನ ಯಂತ್ರದ ಪುಸ್ತಕದಲ್ಲೂ ಇರುತ್ತದೆ: ಯಾವ ತಂತಿಯೂ ಕಟ್ಟಿದಷ್ಟೇ ಬಿಗಿಯಲ್ಲಿ ಉಳಿಯುವುದಿಲ್ಲ, ಆಡದೆ ಗೋಡೆಯ ಮೇಲಿದ್ದರೂ ದಿನದಿನಕ್ಕೆ ಸಡಿಲವಾಗುತ್ತದೆ. ಪ್ರೇಬೆನ್ನನ ಗೋಡೆಯ ಮೇಲಿರುವುದು ಈ ಹೊತ್ತಿಗೆ ತಾನಾಗಿಯೇ ಇಪ್ಪತ್ತೈದಕ್ಕೆ ಇಳಿದಿರುತ್ತದೆ. ನಾನು ಸ್ವಲ್ಪ ಅವಸರ ಮಾಡಿದೆ, ಅಷ್ಟೆ.